ಮದ್ದಿಗೆ ಬಗ್ಗದ ವೈರಸ್ಸು



ಹೊತ್ತು ಮುಳುಗಿತು. ದನಕರು ಕೊಟ್ಟಿಗೆ ಸೇರಿವೆ, ಕೋಳಿಗಳು ಗೂಡು ಸೇರಿವೆ. ಕೈಕಾಲು ತೊಳೆದು ಜಗಲಿಯ ಮೇಲೆ ಕುಳಿತಿದ್ದೀರಿ. ಇವತ್ತಿನ ಮಾತು ಬೀಜದ್ದಲ್ಲ, ಗೊಬ್ಬರದ್ದಲ್ಲ, ಔಷಧಿಯದು. ಆದರೂ ಬೇಸಾಯ ಬಲ್ಲವರಿಗೆ ಇದು ಬೇಗ ತಿಳಿಯುವ ಮಾತು. ಹೇಗೆಂದು ಮುಂದೆ ನೀವೇ ನೋಡುವಿರಿ.

ಮೊನ್ನೆ ಸಂತೆಯಲ್ಲಿ ಕೋಳಿ ಸಾಕುವ ಗೌಡರೊಬ್ಬರು ಸಿಕ್ಕಿದರು. ಅವರ ಮನೆಯಾಕೆಯೂ ಜೊತೆಯಲ್ಲಿದ್ದರು. ಗೌಡರು ನನ್ನನ್ನು ತಡೆದು, "ಸ್ವಾಮಿ, ಹಕ್ಕಿಜ್ವರ ಅಂತ ಆಗಾಗ್ಗೆ ಸುದ್ದಿ ಬರ್ತದೆ. ಮನುಷ್ಯರ ಫ್ಲೂ ಜ್ವರಕ್ಕೆ ಗುಳಿಗೆ ಇದೆಯಂತಲ್ಲ. ಅದನ್ನೇ ನೀರಿಗೆ ಕದಡಿ ಮುಂಚಿತವಾಗಿ ಕೋಳಿಗಳಿಗೆ ಕುಡಿಸಿಬಿಟ್ರೆ ಆಗಲ್ವಾ?" ಎಂದರು.

ನಾನು ಉತ್ತರ ಹೇಳುವಷ್ಟರಲ್ಲಿ ಆ ತಾಯಿ ದನಿ ತಗ್ಗಿಸಿ, "ನಂದೂ ಒಂದು ಮಾತು ಇದೆ. ನನ್ನ ತಮ್ಮನಿಗೆ ಎಚ್.ಐ.ವಿ. ಅಂತ ಗೊತ್ತಾಗಿ ಎರಡು ವರ್ಷ ಆಯ್ತು. ಸರ್ಕಾರಿ ಆಸ್ಪತ್ರೇಲಿ ದಿನಕ್ಕೊಂದು ಗುಳಿಗೆ ಕೊಟ್ಟಿದಾರೆ. ಈಗ ಮೈ ಕೈ ತುಂಬಿಕೊಂಡು ಚೆನ್ನಾಗಿದಾನೆ. ಸುಗ್ಗಿ ಕೆಲಸದಲ್ಲಿ ಕೆಲವು ದಿನ ನುಂಗ್ತಾನೆ, ಕೆಲವು ದಿನ ಬಿಡ್ತಾನೆ. ಕೇಳಿದ್ರೆ, ಜಾಸ್ತಿ ನುಂಗಿದ್ರೆ ಮೈಗೆ ಒಗ್ಗಿಹೋಗಿ ಆಮೇಲೆ ನಾಟಲ್ಲ ಅಂತಾನೆ. ಹೌದಾ ಸ್ವಾಮಿ?" ಎಂದರು.

ಗಂಡ ಕೇಳಿದ್ದು ಕೋಳಿಯ ಮಾತು, ಹೆಂಡತಿ ಕೇಳಿದ್ದು ಒಡಹುಟ್ಟಿದವನ ಮಾತು. ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಸಂತೆಯ ಗದ್ದಲದಲ್ಲಿ ಅರ್ಧಂಬರ್ಧ ಹೇಳಿದೆ. ಮಿಕ್ಕದ್ದನ್ನು ಇಲ್ಲಿ ಎಲ್ಲರಿಗೂ ಹೇಳುತ್ತೇನೆ.

ಮೊದಲು ವೈರಸ್ಸು ಎಂದರೇನು ನೋಡೋಣ. ಇದು ಕಣ್ಣಿಗೆ ಕಾಣದ ನಂಜಿನ ಕಣ. ಸಾಧಾರಣ ಸೂಕ್ಷ್ಮದರ್ಶಕದಲ್ಲಿಯೂ ಕಾಣದಷ್ಟು ಸಣ್ಣದು. ದನಗಳ ಕಾಲುಬಾಯಿ ಜ್ವರ, ಕೋಳಿಗಳ ಕೊಕ್ಕರೆ ರೋಗ, ನಮ್ಮ ಫ್ಲೂ ಜ್ವರ, ನಾಯಿಹುಚ್ಚು, ಏಡ್ಸ್, ಇವೆಲ್ಲ ವೈರಸ್ಸಿನಿಂದ ಬರತಕ್ಕವು. ವೈರಸ್ಸಿಗೆ ತನ್ನದೆಂಬ ಮನೆಯಿಲ್ಲ, ಒಲೆಯಿಲ್ಲ. ನಮ್ಮ ಮೈಯ ಜೀವಕಣದೊಳಕ್ಕೆ ನುಗ್ಗಿ, ಆ ಜೀವಕಣದ ಸಾಮಾನಿನಿಂದಲೇ ತನ್ನಂಥವನ್ನು ಸಾವಿರಗಟ್ಟಲೆ ಮಾಡಿಸಿಕೊಂಡು ಹೊರಕ್ಕೆ ಬರುತ್ತದೆ. ಆದ್ದರಿಂದಲೇ ವೈರಸ್ಸನ್ನು ಹೊಡೆಯುವುದು ಕಷ್ಟ. ಕಳೆಯೂ ಬೆಳೆಯೂ ಒಂದೇ ಬುಡದಲ್ಲಿ ಹೆಣೆದುಕೊಂಡಂತೆ ಇರುತ್ತದೆ. ಪೆನ್ಸಿಲಿನ್ನಿನಂಥ ಔಷಧಿಗಳು ಬ್ಯಾಕ್ಟೀರಿಯಾ ಎಂಬ ಬೇರೆ ಜಾತಿಯ ಸೂಕ್ಷ್ಮಜೀವಿಗಳಿಗೆ ಮಾತ್ರ ನಾಟುತ್ತವೆ, ವೈರಸ್ಸಿಗೆ ನಾಟುವುದಿಲ್ಲ. ವೈರಸ್ಸಿಗೆಂದೇ ಮಾಡಿದ ಔಷಧಿಗಳು ಕೆಲವು ಮಾತ್ರ ಉಂಟು. ಕೈಯಲ್ಲಿರುವ ಆಯುಧಗಳೇ ಕೆಲವು. ಅವೂ ಮೊಂಡಾದರೆ ಗತಿಯೇನು? ಅದೇ ಇವತ್ತಿನ ಪ್ರಶ್ನೆ.

ಆಯುಧ ಮೊಂಡಾಗುವುದು ಹೇಗೆ? ಆ ತಾಯಿಯ ತಮ್ಮ ಅಂದುಕೊಂಡಂತೆ ಮೈ ಔಷಧಿಗೆ ಒಗ್ಗಿಹೋಗುವುದಲ್ಲ. ಬದಲಾಗುವುದು ನಮ್ಮ ಮೈಯಲ್ಲ, ವೈರಸ್ಸು. ಅದೂ ಔಷಧಿಯನ್ನು ಕಂಡು, ಪಾಠ ಕಲಿತು ಬದಲಾಗುವುದಲ್ಲ. ಹಾಗಾದರೆ ಹೇಗೆ?

ಹಳೇ ಕಾಲದಲ್ಲಿ ಪುರಾಣದ ಓಲೆಗರಿಯನ್ನು ಪ್ರತಿ ಮಾಡುತ್ತಿದ್ದರಷ್ಟೆ. ಒಂದರಿಂದ ಇನ್ನೊಂದನ್ನು ಬರೆಯುವಾಗ ಎಲ್ಲೋ ಒಂದು ಅಕ್ಷರ ತಪ್ಪುತ್ತಿತ್ತು. ವೈರಸ್ಸಿನಲ್ಲಿಯೂ ಒಂದು ಬರಹವಿದೆ. ಎಚ್.ಐ.ವಿ. ವೈರಸ್ಸಿನಲ್ಲಿ ಆ ಬರಹದ ಉದ್ದ ಸುಮಾರು 9,700 ಅಕ್ಷರ. ಹೊಸ ವೈರಸ್ಸು ಹುಟ್ಟಬೇಕಾದರೆ ಇಷ್ಟನ್ನೂ ನಕಲು ಮಾಡಬೇಕು. ಈ ನಕಲುಗಾರ ಬಹಳ ಅವಸರದವನು. ಬರೆದದ್ದನ್ನು ತಿರುಗಿ ನೋಡುವವನಲ್ಲ. ಆದ್ದರಿಂದ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತಲೇ ಇರುತ್ತದೆ. ಔಷಧಿ ಕಾಣದ ಎಚ್.ಐ.ವಿ. ರೋಗಿಯ ಮೈಯಲ್ಲಿ ದಿನಕ್ಕೆ ಸುಮಾರು ಸಾವಿರ ಕೋಟಿ ಹೊಸ ವೈರಸ್ಸು ಹುಟ್ಟುತ್ತವೆಂದು 1996ರಲ್ಲಿ ಶಾಸ್ತ್ರಜ್ಞರು ಲೆಕ್ಕ ಹಾಕಿದರು. ಸಾವಿರ ಕೋಟಿ ನಕಲಿನಲ್ಲಿ ಎಷ್ಟು ಬಗೆಯ ತಪ್ಪು ಇದ್ದೀತು, ನೀವೇ ಊಹಿಸಿ.

ಈ ತಪ್ಪುಗಳಲ್ಲಿ ಹೆಚ್ಚಿನವು ವೈರಸ್ಸಿಗೇ ಮಾರಕ. ಕೆಲವು ಏನೂ ಮಾಡುವುದಿಲ್ಲ. ಎಲ್ಲೋ ಒಂದು ತಪ್ಪು, ಅಕಸ್ಮಾತ್ತಾಗಿ, ಔಷಧಿ ಹಿಡಿಯುವ ಜಾಗದಲ್ಲೇ ಆಗಿರುತ್ತದೆ. ಆ ವೈರಸ್ಸು ಔಷಧಿಗೆ ಮುಂಚೆಯೇ ಹುಟ್ಟಿರುತ್ತದೆ, ಕೋಟಿಯಲ್ಲೊಂದಾಗಿ ಮೂಲೆಯಲ್ಲಿ ಬಿದ್ದಿರುತ್ತದೆ. ಔಷಧಿ ಬಂತೆನ್ನಿ. ಮಿಕ್ಕವೆಲ್ಲ ನಾಶವಾದವು. ಜಾಗ ಖಾಲಿಯಾಯಿತು. ಮೂಲೆಯಲ್ಲಿದ್ದ ಈ ಒಂದಕ್ಕೆ ಈಗ ಇಡೀ ಹೊಲ ಸಿಕ್ಕಿತು! ಹತ್ತಿಯ ಕಾಯಿಕೊರಕ ಹುಳುವಿಗೆ ಒಂದೇ ಎಣ್ಣೆಯನ್ನು ವರ್ಷವರ್ಷವೂ ಹೊಡೆದವರಿಗೆ ಈ ಕಥೆ ಹೊಸದಲ್ಲ. ಮೊದಲ ವರ್ಷ ನಾಟಿದ ಎಣ್ಣೆ ಬರಬರುತ್ತಾ ನೀರಿನಂತಾಯಿತು. ಎಣ್ಣೆ ಕೆಟ್ಟಿರಲಿಲ್ಲ, ಎಣ್ಣೆಗೆ ಸಾಯದ ಹುಳುವನ್ನು ನಾವೇ ಆರಿಸಿ ಆರಿಸಿ ಬಿತ್ತನೆಗೆ ಬಿಟ್ಟಿದ್ದೆವು.

ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಔಷಧಿಗೆ ಬಗ್ಗದ ವೈರಸ್ಸು ಅಷ್ಟು ಗಟ್ಟಿಯಾಗಿದ್ದರೆ, ಔಷಧಿ ಬರುವ ಮುಂಚೆ ಅದೇಕೆ ಮೂಲೆಯಲ್ಲಿತ್ತು? ಮೊದಲೇ ಅದು ಮೆರೆಯಬಹುದಿತ್ತಲ್ಲ?

ಮೆರೆಯಲಾಗುವುದಿಲ್ಲ. ಯಾಕೆಂದರೆ ಸಾಮಾನ್ಯವಾಗಿ ಆ ತಪ್ಪಿಗೆ ಅದು ದಂಡ ತೆರುತ್ತದೆ. ಮಳೆಯಲ್ಲಿ ಕಂಬಳಿ ಕೊಪ್ಪೆ ಹೊದ್ದು ಕೆಲಸ ಮಾಡುತ್ತೀರಲ್ಲ, ಅದನ್ನು ನೆನೆಯಿರಿ. ಮಳೆ ಸುರಿಯುವಾಗ ಕೊಪ್ಪೆ ಇದ್ದವನು ನಾಟಿ ಮಾಡುತ್ತಾನೆ, ಇಲ್ಲದವನು ನಡುಗುತ್ತಾ ಮರದಡಿ ನಿಲ್ಲುತ್ತಾನೆ. ಆದರೆ ಬಿಸಿಲು ಬಂದಾಗಲೂ ಅದೇ ನೆನೆದ ಕಂಬಳಿ ಹೊತ್ತು ಕೆಲಸಕ್ಕೆ ಇಳಿದವನು ಬರಿಮೈಯವನ ಸರಿಸಮ ಸಾಲು ಹಿಡಿಯಬಲ್ಲನೇ? ಹಿಂದೆ ಬೀಳುತ್ತಾನೆ. ಔಷಧಿಯೇ ಮಳೆ. ಔಷಧಿಗೆ ಬಗ್ಗದ ಗುಣವೇ ಕಂಬಳಿ. ಔಷಧಿ ಇರುವಾಗ ಅದು ರಕ್ಷೆ, ಇಲ್ಲದಾಗ ಅದೇ ಭಾರ. ವೈರಸ್ಸು ಎಷ್ಟು ಬೇಗ ಬೆಳೆಯಬಲ್ಲದು, ಒಬ್ಬರಿಂದ ಇನ್ನೊಬ್ಬರಿಗೆ ಎಷ್ಟು ಚೆನ್ನಾಗಿ ದಾಟಬಲ್ಲದು, ಇದನ್ನೇ ಅದರ ಬಾಳುವ ಕಸುವು ಎನ್ನೋಣ. ಔಷಧಿಯನ್ನು ತಪ್ಪಿಸಿಕೊಳ್ಳುವ ವೈರಸ್ಸು ತನ್ನ ಕಸುವಿನಲ್ಲಿ ಒಂದು ಪಾಲನ್ನು ಬೆಲೆಯಾಗಿ ಕೊಟ್ಟಿರುತ್ತದೆ.

ಬೆಲೆ ಯಾಕೆ ಕೊಡಬೇಕು? ಗಾಡಿ ಉರುಳದಂತೆ ಚಕ್ರದ ಕಂಡಿಗೆ ಒಂದು ಗೂಟ ಜಡಿಯುತ್ತೀರೆನ್ನಿ. ಔಷಧಿ ಮಾಡುವುದು ಇಂಥದೇ ಕೆಲಸ. ವೈರಸ್ಸಿನ ಯಾವುದೋ ಒಂದು ಭಾಗದ ಕಂಡಿಯಲ್ಲಿ ಕೂತು ಅದನ್ನು ಓಡದಂತೆ ಮಾಡುತ್ತದೆ. ಆ ಕಂಡಿಯ ಆಕಾರವೇ ಬದಲಾದರೆ ಗೂಟ ಕೂರುವುದಿಲ್ಲ. ನಿಜ. ಆದರೆ ಆಕಾರ ಕೆಟ್ಟ ಚಕ್ರ ನೆಟ್ಟಗೆ ಉರುಳೀತೇ? ಗಾಡಿ ಕುಂಟುತ್ತದೆ. ವೈರಸ್ಸೂ ಹಾಗೆಯೇ ಕುಂಟುತ್ತದೆ.

"ಕುಂಟಿದರೆ ಒಳ್ಳೆಯದೇ ಆಯಿತು, ನಮಗೇನು ಭಯ?" ಎನ್ನುತ್ತೀರಿ. ಇಲ್ಲೇ ಜೋಕೆಯಾಗಿರಬೇಕಾದ್ದು. ಕೆಲವು ಸಲ ಅದು ಕುಂಟುವುದೇ ಇಲ್ಲ. ಕೆಲವು ಸಲ ಕುಂಟುತ್ತಾ ಹೋಗಿ, ಸೊಟ್ಟ ಚಕ್ರಕ್ಕೆ ತಕ್ಕಂತೆ ಅಚ್ಚನ್ನೂ ಹೊಂದಿಸಿಕೊಂಡು ಮತ್ತೆ ನೆಟ್ಟಗೆ ಓಡುತ್ತದೆ. ಎರಡಕ್ಕೂ ನಡೆದ ಉದಾಹರಣೆಗಳನ್ನೇ ಕೊಡುತ್ತೇನೆ.

ಮೊದಲನೆಯದು ಕೋಳಿಗಳ ಕಥೆ. ಅಮೇರಿಕದ ಪೆನ್ಸಿಲ್ವೇನಿಯಾ ಪ್ರಾಂತ್ಯದಲ್ಲಿ 1983ರಲ್ಲಿ ಕೋಳಿಗಳಿಗೆ ಹಕ್ಕಿಜ್ವರ ಬಂತು. ಮೊದಲು ಸೌಮ್ಯವಾಗಿದ್ದ ರೋಗ ಅದೇ ವರ್ಷದ ಅಕ್ಟೋಬರ್ ಹೊತ್ತಿಗೆ ಮಾರಿಯಾಯಿತು. ಅದನ್ನು ಅಡಗಿಸಬೇಕಾದರೆ ಒಂದೂವರೆ ಕೋಟಿಗೂ ಮೀರಿ ಕೋಳಿಗಳನ್ನು ಕೊಂದು ಹೂಳಬೇಕಾಯಿತು. ಆಗ ರಾಬರ್ಟ್ ವೆಬ್‌ಸ್ಟರ್ ಎಂಬ ವೈರಸ್ ಪಂಡಿತರೂ ಅವರ ಜೊತೆಯವರೂ ನಮ್ಮ ಗೌಡರ ಪ್ರಶ್ನೆಯನ್ನೇ ಕೈಯಲ್ಲಿ ಹಿಡಿದು ಪರೀಕ್ಷೆ ನಡೆಸಿದರು. ಅಮಾಂಟಡೀನ್ ಎಂಬುದು ಅಮೇರಿಕದಲ್ಲಿ 1966ರಿಂದ ಮನುಷ್ಯರ ಫ್ಲೂ ಜ್ವರಕ್ಕೆ ಕೊಡುತ್ತಿದ್ದ ಔಷಧಿ. ಅದನ್ನು ಕೋಳಿಗಳ ಕುಡಿಯುವ ನೀರಿಗೆ ಬೆರೆಸಿದರು.

ಏನಾಯಿತು? ಮೊದಲು ಔಷಧಿ ಕೆಲಸ ಮಾಡಿತು, ಕೋಳಿಗಳು ಉಳಿದವು. ಗೌಡರು ಕೇಳಿದ್ದರೆ ಸಂತೋಷಪಡುತ್ತಿದ್ದರು. ಆದರೆ ಎರಡು ಮೂರು ದಿನಗಳಲ್ಲೇ ಔಷಧಿಗೆ ಬಗ್ಗದ ವೈರಸ್ಸು ತಲೆಯೆತ್ತಿತು. ಆ ಮೇಲೆ ಅದೇ ನೀರು ಕುಡಿಯುತ್ತಿದ್ದ ಕೋಳಿಗಳಿಗೂ ರೋಗ ತಗುಲಿತು.

ಈ ಹೊಸ ವೈರಸ್ಸು ಕುಂಟುತ್ತದೆಯೋ ಇಲ್ಲವೋ ಎಂಬುದನ್ನೂ ಅದೇ ಗುಂಪಿನವರು ಮುಂದೆ ನೋಡಿದರು. ಆ ಫಲಿತಾಂಶವನ್ನು 1989ರಲ್ಲಿ ಪ್ರಕಟಿಸಿದರು. ಔಷಧಿಯನ್ನು ಪೂರಾ ನಿಲ್ಲಿಸಿ, ಹೊಸ ವೈರಸ್ಸನ್ನು ಒಂದು ಕೋಳಿಯಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ದಾಟಲು ಬಿಟ್ಟರು. ಭಾರವಾಗಿದ್ದರೆ ಕಂಬಳಿಯನ್ನು ಎಸೆಯಬೇಕಿತ್ತಲ್ಲವೇ? ಎಸೆಯಲಿಲ್ಲ. ಅನೇಕ ಸಲ ದಾಟಿದರೂ ಔಷಧಿಗೆ ಬಗ್ಗದ ಗುಣ ಹಾಗೆಯೇ ಉಳಿಯಿತು. ಮೊದಲಿನ ವೈರಸ್ಸಿನೊಡನೆ ಸ್ಪರ್ಧೆಗೆ ಬಿಟ್ಟರೂ ಸೋತು ಹಿಂದೆ ಸರಿಯಲಿಲ್ಲ. ಕೋಳಿಗಳನ್ನು ಮೊದಲಿನಷ್ಟೇ ಕ್ರೂರವಾಗಿ ಕೊಂದಿತು. ಅಂದರೆ ಈ ಕಂಬಳಿಗೆ ತೂಕವೇ ಇರಲಿಲ್ಲ! ಇಂಥ ವೈರಸ್ಸು ಒಮ್ಮೆ ಹುಟ್ಟಿತೆಂದರೆ ಔಷಧಿ ನಿಲ್ಲಿಸಿದ ಮಾತ್ರಕ್ಕೆ ಹೋಗುವುದಿಲ್ಲ.

ಮುಂದೆ ಮನುಷ್ಯರಲ್ಲಿಯೂ ಇದೇ ನಡೆಯಿತು. ಲೋಕದಲ್ಲಿ ಹೆಚ್ಚಾಗಿ ಹರಡುವ ಫ್ಲೂ ಜಾತಿಗಳಲ್ಲೊಂದಕ್ಕೆ ಎಚ್3ಎನ್2 ಎಂದು ಹೆಸರು. 1994-95ರಲ್ಲಿ ಆ ಜಾತಿಯ ವೈರಸ್ಸನ್ನು ನಾನಾ ದೇಶಗಳಿಂದ ತಂದು ನೋಡಿದಾಗ ಅಮಾಂಟಡೀನಿಗೆ ಬಗ್ಗದವು ನೂರಕ್ಕೆ ಅರ್ಧವೂ ಇರಲಿಲ್ಲ. 2003-04ರ ಹೊತ್ತಿಗೆ ನೂರಕ್ಕೆ ಹನ್ನೆರಡಾದವು. 2005-06ರ ಚಳಿಗಾಲದಲ್ಲಿ ಅಮೇರಿಕದಲ್ಲಿ ನೋಡಿದರೆ ನೂರಕ್ಕೆ ತೊಂಬತ್ತೆರಡು! ವೈರಸ್ಸಿನ ಹೊದಿಕೆಯಲ್ಲಿ ಒಂದು ಸಣ್ಣ ಕಂಡಿಯುಂಟು; ಅದರ 31ನೆಯ ಜಾಗದಲ್ಲಿ ಒಂದೇ ಒಂದು ಬದಲಾವಣೆ. ಅಷ್ಟರಿಂದ ನಲವತ್ತು ವರ್ಷದ ಔಷಧಿ ಫ್ಲೂ ಜ್ವರಕ್ಕೆ ಕೆಲಸಕ್ಕೆ ಬಾರದಾಯಿತು. 2006ರ ಜನವರಿಯಲ್ಲಿ ಅಮೇರಿಕದ ಆರೋಗ್ಯ ಇಲಾಖೆಯವರು, ಫ್ಲೂ ಜ್ವರಕ್ಕೆ ಇನ್ನು ಇದನ್ನು ಕೊಡಬೇಡಿ ಎಂದು ವೈದ್ಯರಿಗೆ ತಿಳಿಸಿದರು. ಆ ವರ್ಷವೇ ಅಲ್ಲಿಯ ಸರ್ಕಾರ ಈ ಬಗೆಯ ಫ್ಲೂ ಔಷಧಿಗಳನ್ನು ಕೋಳಿಗಳಿಗೆ ಕೊಡಕೂಡದೆಂದು ನಿಷೇಧ ಹಾಕಿತು. ಮನುಷ್ಯರ ಪ್ರಾಣಕ್ಕೆಂದು ಇಟ್ಟ ಆಯುಧ ಕೋಳಿಮನೆಯಲ್ಲಿ ಮೊಂಡಾಗಬಾರದು ಎಂಬುದೇ ಅದರ ಅರ್ಥ.

ಇನ್ನು ಕುಂಟುತ್ತಾ ಹೋಗಿ ನೆಟ್ಟಗಾದ ವೈರಸ್ಸಿನ ಕಥೆ. ಅಮಾಂಟಡೀನಿನ ತರುವಾಯ 1999ರಲ್ಲಿ ಒಸೆಲ್ಟಮಿವಿರ್ ಎಂಬ ಇನ್ನೊಂದು ಫ್ಲೂ ಔಷಧಿ ಬಂತು. ಹೊಸದಾಗಿ ಹುಟ್ಟಿದ ಫ್ಲೂ ವೈರಸ್ಸು ಜೀವಕಣದ ಮೇಲ್ಮೈಗೆ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಿ ಕಳಿಸಲು ವೈರಸ್ಸಿನ ಬಳಿ ಒಂದು ಕತ್ತರಿಯುಂಟು. ಔಷಧಿ ಹೋಗಿ ಆ ಕತ್ತರಿಯ ಬಾಯಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಔಷಧಿಗೆ ಬಗ್ಗದ ವೈರಸ್ಸು ಇಲ್ಲಿಯೂ ಹುಟ್ಟಿತು. ಆದರೆ ಅದರ ಕತ್ತರಿಗಳು ಮೇಲ್ಮೈಗೆ ಸರಿಯಾಗಿ ಬರುತ್ತಿರಲಿಲ್ಲ, ವೈರಸ್ಸು ಸೊರಗಿತ್ತು. ಇದು ಊರೂರು ಹರಡುವ ಜಾತಿಯಲ್ಲ ಎಂದು ತಿಳಿದವರು ನೆಮ್ಮದಿಯಾಗಿದ್ದರು.

2007-08ರ ಚಳಿಗಾಲದಲ್ಲಿ ಆ ನೆಮ್ಮದಿ ಕೆಟ್ಟಿತು. ಯೂರೋಪಿನ ನಾರ್ವೆ ದೇಶದಲ್ಲಿ ಎಚ್1ಎನ್1 ಜಾತಿಯ ಫ್ಲೂ ವೈರಸ್ಸನ್ನು ಪರೀಕ್ಷಿಸಿದರೆ ಮೂರರಲ್ಲಿ ಎರಡು ಪಾಲು ಔಷಧಿಗೆ ಬಗ್ಗುತ್ತಿರಲಿಲ್ಲ. ವಿಚಿತ್ರವೆಂದರೆ ಆ ದೇಶದಲ್ಲಿ ಈ ಔಷಧಿಯನ್ನು ಬಳಸುತ್ತಿದ್ದದ್ದೇ ಅಪರೂಪ. ಮಳೆಯೇ ಇಲ್ಲದ ಊರಿನಲ್ಲಿ ಕಂಬಳಿ ಹೊದ್ದವರೇ ತುಂಬಿಕೊಂಡಂತಾಯಿತು! ಮುಂದಿನ ವರ್ಷಕ್ಕೆ ಲೋಕದಲ್ಲೆಲ್ಲ ಆ ಜಾತಿಯ ವೈರಸ್ಸು ಹೆಚ್ಚುಕಡಿಮೆ ಪೂರ್ತಿ ಹಾಗೆಯೇ ಆಯಿತು. ಕಾರಣವನ್ನು 2010ರಲ್ಲಿ ಅಮೇರಿಕದ ಶಾಸ್ತ್ರಜ್ಞರು ತೋರಿಸಿಕೊಟ್ಟರು. ವೈರಸ್ಸಿನ ಬರಹದಲ್ಲಿ ಬೇರೆ ಕಡೆ ಇನ್ನೆರಡು ಸಣ್ಣ ಬದಲಾವಣೆ ಮೊದಲೇ ಆಗಿಹೋಗಿದ್ದವು. ಅವುಗಳ ದೆಸೆಯಿಂದ ಕತ್ತರಿಗಳು ಮತ್ತೆ ಮೇಲ್ಮೈಗೆ ಬೇಕಾದಷ್ಟು ಬರತೊಡಗಿದವು. ಸೊಟ್ಟ ಚಕ್ರಕ್ಕೆ ಅಚ್ಚು ಹೊಂದಿಕೊಂಡಿತು. 2009ರಲ್ಲಿ ಬೇರೊಂದು ಹೊಸ ಎಚ್1ಎನ್1 ವೈರಸ್ಸು ಲೋಕವನ್ನೆಲ್ಲ ಸುತ್ತಿ ಆ ಹಳೆಯದನ್ನು ಬದಿಗೆ ತಳ್ಳಿತು. ಹೊಸದು ಈ ಔಷಧಿಗೆ ಬಗ್ಗುತ್ತಿತ್ತು. ಬಚಾವಾದೆವು, ನಮ್ಮ ಜಾಣತನದಿಂದಲ್ಲ, ಅದೃಷ್ಟದಿಂದ.

ಈಗ ಆ ತಾಯಿಯ ತಮ್ಮನ ಮಾತಿಗೆ ಬರೋಣ. ಫ್ಲೂ ಜ್ವರ ಬಂದು ಹೋಗುತ್ತದೆ, ಎಚ್.ಐ.ವಿ. ಬಂದು ಉಳಿಯುತ್ತದೆ. ಆದ್ದರಿಂದ ಈ ಕಥೆಯೆಲ್ಲ ಒಬ್ಬನೇ ಮನುಷ್ಯನ ಮೈಯೊಳಗೇ ನಡೆದುಹೋಗುತ್ತದೆ.

ಎಚ್.ಐ.ವಿ.ಗೆ ಮೊದಲ ಔಷಧಿ 1987ರಲ್ಲಿ ಬಂತು. ಜಿಡೋವುಡಿನ್ ಎಂದು ಅದರ ಹೆಸರು. ಅದೊಂದನ್ನೇ ಕೊಡುತ್ತಿದ್ದರು. ರೋಗಿಗಳು ಕೆಲವು ಕಾಲ ಚೇತರಿಸಿಕೊಂಡು ಮತ್ತೆ ಬಿದ್ದುಹೋದರು. ಔಷಧಿಗೆ ಬಗ್ಗದ ವೈರಸ್ಸು ಹುಟ್ಟಿದ್ದು 1989ರಲ್ಲಿ ಗೊತ್ತಾಯಿತು. 1996ರ ಸುಮಾರಿಗೆ ಮೂರು ಔಷಧಿಗಳನ್ನು ಒಟ್ಟಿಗೆ ಕೊಡುವ ಪದ್ಧತಿ ಬಂದ ಮೇಲೆ ಸಾಯುತ್ತಿದ್ದವರು ಬದುಕತೊಡಗಿದರು.

ಮೂರೇ ಯಾಕೆ? ಒಂದು ಲೆಕ್ಕ ಹೇಳುತ್ತೇನೆ, ಮಕ್ಕಳಿದ್ದರೆ ಸ್ಲೇಟಿನ ಮೇಲೆ ಬರೆದು ನೋಡಲಿ. ಒಂದು ಔಷಧಿಯಿಂದ ತಪ್ಪಿಸಿಕೊಳ್ಳುವ ತಪ್ಪು ಲಕ್ಷ ನಕಲಿಗೆ ಒಂದು ಸಲ ಆಗುತ್ತದೆಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ದಿನಕ್ಕೆ ಸಾವಿರ ಕೋಟಿ ನಕಲು ನಡೆದರೆ ಅಂಥವು ದಿನಕ್ಕೆ ಲಕ್ಷ ಹುಟ್ಟುತ್ತವೆ. ಎರಡು ಔಷಧಿ ಕೊಟ್ಟರೆ ಎರಡು ತಪ್ಪೂ ಒಂದೇ ವೈರಸ್ಸಿನಲ್ಲಿ ಒಟ್ಟಿಗೆ ಬೀಳಬೇಕು. ಅದು ಸಾವಿರ ಕೋಟಿಗೆ ಒಂದು. ಹಾಗಿದ್ದರೂ ದಿನಕ್ಕೊಂದು ಹುಟ್ಟೀತು. ಮೂರು ಔಷಧಿಯಾದರೆ? ಅಂಥ ಒಂದು ಹುಟ್ಟಲು ಲಕ್ಷ ದಿನ, ಎಂದರೆ ಇನ್ನೂರ ಎಪ್ಪತ್ತು ವರ್ಷ ಕಾಯಬೇಕು. ಅದೂ ಔಷಧಿ ಇಲ್ಲದ ಮೈಯಲ್ಲಿ ಹುಟ್ಟುವ ಲೆಕ್ಕ. ಔಷಧಿ ಸರಿಯಾಗಿ ನುಂಗುವವನಲ್ಲಿ ನಕಲೇ ನಿಂತುಹೋಗುತ್ತದೆ. ನಕಲಿಲ್ಲದೆ ತಪ್ಪಿಲ್ಲ, ತಪ್ಪಿಲ್ಲದೆ ನಿರೋಧವಿಲ್ಲ.

ನಮ್ಮ ದೇಶದಲ್ಲಿ ಸರ್ಕಾರ 2004ರ ಏಪ್ರಿಲ್ 1ರಿಂದ ಈ ಚಿಕಿತ್ಸೆಯನ್ನು ಪುಕ್ಕಟೆಯಾಗಿ ಕೊಡುತ್ತ ಬಂದಿದೆ. ಟೆನೊಫೊವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರೂ ಸೇರಿದ ಒಂದೇ ಗುಳಿಗೆ ಈಗ ಸಿಗುತ್ತದೆ. ದಿನಕ್ಕೊಂದು, ಅಷ್ಟೆ. ಹೊಲಕ್ಕೆ ಮೂವರು ಕಾವಲುಗಾರರನ್ನು ಇಟ್ಟಂತೆ.

ಕೆಲವು ದಿನ ನುಂಗಿ ಕೆಲವು ದಿನ ಬಿಟ್ಟರೆ ಏನಾಗುತ್ತದೆ? ಮೂರು ಔಷಧಿಯೂ ರಕ್ತದಿಂದ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಒಂದು ಬೇಗ ಇಳಿಯುತ್ತದೆ, ಒಂದು ನಿಧಾನ. ಹಾಗಾಗಿ ಇಬ್ಬರು ಕಾವಲುಗಾರರು ಮನೆಗೆ ಹೋಗಿ, ಒಬ್ಬನೇ ತೂಕಡಿಸುತ್ತಾ ಕೂತ ಹೊತ್ತು ಬರುತ್ತದೆ. ವೈರಸ್ಸು ಆಗ ನಕಲು ಶುರುಮಾಡುತ್ತದೆ. ಪೂರಾ ಔಷಧಿ ಇದ್ದರೆ ನಕಲಿಲ್ಲ. ಔಷಧಿಯೇ ಇಲ್ಲದಿದ್ದರೆ ಕಂಬಳಿಯವನಿಗೆ ಗೆಲುವಿಲ್ಲ. ಇದ್ದೂ ಇಲ್ಲದ ಈ ಅರ್ಧ ಔಷಧಿಯೇ ನಿರೋಧ ಹುಟ್ಟುವ ಪಾತಿ. "ಜಾಸ್ತಿ ನುಂಗಿದರೆ ನಾಟುವುದಿಲ್ಲ" ಎಂಬುದು ತಲೆಕೆಳಗಾದ ಮಾತು. ಬಿಟ್ಟುಬಿಟ್ಟು ನುಂಗಿದರೇ ನಾಟದಂತಾಗುವುದು.

ಲಾಮಿವುಡಿನ್ ಕಥೆ ಕೇಳಿ. ಅದೊಂದನ್ನೇ ಕೊಟ್ಟರೆ ಕೆಲವು ವಾರಗಳಲ್ಲೇ ವೈರಸ್ಸು ತಪ್ಪಿಸಿಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ನಕಲು ಯಂತ್ರದ 184ನೆಯ ಜಾಗದಲ್ಲಿ ಒಂದೇ ಬದಲಾವಣೆ. ಆದರೆ ಇದರ ಕಂಬಳಿ ನಿಜಕ್ಕೂ ಭಾರ. ವೈರಸ್ಸಿನ ನಕಲು ನಿಧಾನವಾಗುತ್ತದೆ. ಟೆನೊಫೊವಿರ್ ಔಷಧಿಗೆ ಅದು ಮೊದಲಿಗಿಂತ ಹೆಚ್ಚಾಗಿಯೇ ಬಗ್ಗುತ್ತದೆ. ಆದಕಾರಣ ಲಾಮಿವುಡಿನ್‌ಗೆ ಬಗ್ಗದ ವೈರಸ್ಸು ಹುಟ್ಟಿದೆಯೆಂದು ತಿಳಿದ ಮೇಲೂ ಎಷ್ಟೋ ಸಲ ವೈದ್ಯರು ಅದನ್ನು ನಿಲ್ಲಿಸುವುದಿಲ್ಲ. ವೈರಸ್ಸು ಆ ಭಾರವನ್ನು ಹೊತ್ತೇ ಇರಲಿ ಎಂದು ಬೇರೆ ಔಷಧಿಗಳ ಜೊತೆಗೆ ಮುಂದುವರಿಸುತ್ತಾರೆ. ಶತ್ರುವಿನ ಕುಂಟನ್ನು ನಮ್ಮ ಲಾಭಕ್ಕೆ ಬಳಸುವ ಉಪಾಯವಿದು. ಆದರೆ ಇದನ್ನು ತೂಗಿ ನೋಡಬೇಕಾದವರು ವೈದ್ಯರು, ನಾವಲ್ಲ.

"ಕಂಬಳಿ ಅಷ್ಟು ಭಾರವಾದರೆ, ಔಷಧಿ ಪೂರಾ ನಿಲ್ಲಿಸಿ ಆ ವೈರಸ್ಸು ಹಿಂದೆ ಬೀಳಲಿ ಎಂದು ಬಿಡಬಹುದಲ್ಲ?" ಎಂದು ಚುರುಕು ಬುದ್ಧಿಯವರು ಕೇಳಬಹುದು. ಅದನ್ನೂ ನೋಡಿದ್ದಾರೆ. ಔಷಧಿ ನಿಲ್ಲಿಸಿದರೆ ಕೆಲವು ವಾರ, ಕೆಲವು ತಿಂಗಳಲ್ಲಿ ಹಳೆಯ, ಔಷಧಿಗೆ ಬಗ್ಗುವ ವೈರಸ್ಸೇ ರಕ್ತದಲ್ಲಿ ಮೇಲುಗೈಯಾಗುತ್ತದೆ. ಆದರೆ ಅದು ಪೂರ್ತಿ ಕಸುವಿನ ವೈರಸ್ಸು. ಮೈಯ ರಕ್ಷಣೆಯ ಬಿಳಿ ರಕ್ತಕಣಗಳನ್ನು ಇನ್ನೂ ಬೇಗ ತಿಂದುಹಾಕುತ್ತದೆ. ಇತ್ತ ಬಗ್ಗದ ವೈರಸ್ಸಾದರೂ ಸತ್ತಿತೇ? ಇಲ್ಲ. ಕಳೆಯ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಅಡಗಿ ಕೂರುವಂತೆ, ಕೆಲವು ಜೀವಕಣಗಳೊಳಗೆ ಅಡಗಿ ಮಲಗಿರುತ್ತದೆ. ಅದೇ ಔಷಧಿಯ ಹದ ಮತ್ತೆ ಬಿದ್ದ ದಿನ ಮೊಳೆಯುತ್ತದೆ. ಹೊಲವನ್ನು ಬೀಳುಬಿಟ್ಟರೆ ಕಳೆಬೀಜ ಹೋಗುವುದಿಲ್ಲ, ಅಲ್ಲವೇ?

ಇಷ್ಟು ತಿಳಿದ ಮೇಲೆ ನಾವು ಮಾಡತಕ್ಕದ್ದೇನು?

ಕೋಳಿಯ ವಿಷಯಕ್ಕೆ: ಗೌಡರೇ, ಮನುಷ್ಯರ ಫ್ಲೂ ಗುಳಿಗೆಯನ್ನು ಕೋಳಿಗೆ ಕೊಡಲೇಬೇಡಿ. ಕೋಳಿ ಉಳಿಯುವುದಿಲ್ಲ, ನಿರೋಧ ಮಾತ್ರ ಉಳಿಯುತ್ತದೆ. ಹಕ್ಕಿಜ್ವರ ನಮಗೆ ದೂರದ ಮಾತಲ್ಲ. 2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರಕ್ಕೆ ಬಂತು. 2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ಪಕ್ಕದ ಹೆಸರಘಟ್ಟಕ್ಕೂ ಬಂತು. ಕೋಳಿಗಳು ಇದ್ದಕ್ಕಿದ್ದಂತೆ ಹೆಚ್ಚು ಸಾಯತೊಡಗಿದರೆ ಅದೇ ದಿನ ಪಶುವೈದ್ಯರಿಗೆ ತಿಳಿಸಿ. ಮುಚ್ಚಿಟ್ಟು ಮಾರಬೇಡಿ, ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ. ಸರ್ಕಾರದವರು ಬಂದು ಕೊಲ್ಲಿಸಿದ ಕೋಳಿಗೆ ಪರಿಹಾರ ಉಂಟು, ಅದಕ್ಕೆ ಮುಂಚೆ ಸತ್ತದ್ದಕ್ಕೆ ಇಲ್ಲ. ಹಾಗಾಗಿ ಬೇಗ ಹೇಳಿದವನಿಗೇ ನಷ್ಟ ಕಡಿಮೆ. ಕೊಕ್ಕರೆ ರೋಗಕ್ಕೆ ಔಷಧಿ ಇಲ್ಲ, ಲಸಿಕೆ ಉಂಟು. ಮರಿಯಾಗಿದ್ದಾಗ ಒಂದು ಸಲ, ಆರೆಂಟು ವಾರಕ್ಕೆ ಇನ್ನೊಂದು ಸಲ ಹಾಕಿಸಿ. ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕುವವರು ಊರಿಗೆ ಬಂದಾಗ ಒಂದನ್ನೂ ತಪ್ಪಿಸಬೇಡಿ. ರೋಗವೇ ಬಾರದಿದ್ದರೆ ನಕಲೂ ಇಲ್ಲ, ನಿರೋಧವೂ ಇಲ್ಲ.

ನೆಗಡಿ, ಫ್ಲೂ ಜ್ವರದ ವಿಷಯಕ್ಕೆ: ಅಂಗಡಿಯಿಂದ ನೀವೇ ಗುಳಿಗೆ ತಂದು ನುಂಗಬೇಡಿ. ವೈದ್ಯರು ಕೊಟ್ಟರೆ ಹೇಳಿದಷ್ಟು ದಿನ ಪೂರ್ತಿ ನುಂಗಿ. ಮಿಕ್ಕದ್ದನ್ನು ಮಡಿಲಲ್ಲಿ ಕಟ್ಟಿಟ್ಟು ಪಕ್ಕದ ಮನೆಯವರಿಗೆ ಹಂಚಬೇಡಿ.

ಎಚ್.ಐ.ವಿ. ವಿಷಯಕ್ಕೆ: ದಿನಾ ಒಂದೇ ಹೊತ್ತಿಗೆ ಗುಳಿಗೆ ನುಂಗಿ. ರಾತ್ರಿ ಊಟದ ತಟ್ಟೆಯ ಜೊತೆಗೋ ಬೆಳಗಿನ ಹಾಲು ಕರೆಯುವ ಹೊತ್ತಿಗೋ, ಮರೆಯದ ಒಂದು ಕೆಲಸಕ್ಕೆ ಅದನ್ನು ಗಂಟು ಹಾಕಿ. ಮರೆತರೆ ಆ ದಿನ ನೆನಪಾದ ಕೂಡಲೇ ನುಂಗಿ. ಎರಡು ದಿನದ್ದನ್ನು ಒಟ್ಟಿಗೆ ಬೇಡ. ಕೂಲಿಗೋ ನೆಂಟರ ಮನೆಗೋ ಜಾತ್ರೆಗೋ ಹೊರಟರೆ ಗುಳಿಗೆ ಮೊದಲು ಗಂಟಿಗೆ ಬೀಳಲಿ. ಗುಳಿಗೆ ಮುಗಿಯುವ ಒಂದು ವಾರ ಮುಂಚೆಯೇ ಆಸ್ಪತ್ರೆಗೆ ಹೋಗಿ. ರಕ್ತದಲ್ಲಿ ವೈರಸ್ಸು ಎಷ್ಟಿದೆಯೆಂದು ನೋಡುವ ಪರೀಕ್ಷೆಗೆ ಕರೆದಾಗ ತಪ್ಪಿಸಬೇಡಿ. ಔಷಧಿ ಸೋಲುತ್ತಿದ್ದರೆ ಮೈ ಸೊರಗುವ ಮುಂಚೆಯೇ ಆ ಪರೀಕ್ಷೆ ಹೇಳಿಬಿಡುತ್ತದೆ. ಗುಳಿಗೆ ಮೈಗೆ ಹಿಡಿಸದಿದ್ದರೆ ನಿಲ್ಲಿಸಬೇಡಿ, ಹೋಗಿ ಹೇಳಿ; ಬದಲಿ ಔಷಧಿಗಳುಂಟು. ಅನುಮಾನವಿದ್ದರೆ 1097 ಎಂಬ ಸರ್ಕಾರಿ ಫೋನಿಗೆ ಮಾತಾಡಿ, ಹಣ ಬೀಳುವುದಿಲ್ಲ. ಸರಿಯಾಗಿ ನುಂಗಿ, ಪರೀಕ್ಷೆಯಲ್ಲಿ ವೈರಸ್ಸು ಕಾಣದಷ್ಟು ಇಳಿದು ಹಾಗೆಯೇ ಉಳಿದರೆ, ಸಂಸಾರದಲ್ಲಿ ಗಂಡನಿಂದ ಹೆಂಡತಿಗೆ, ಹೆಂಡತಿಯಿಂದ ಗಂಡನಿಗೆ ಕೂಡ ಅದು ದಾಟುವುದಿಲ್ಲ. ಸರಿಯಾಗಿ ನುಂಗದೆ ನಿರೋಧ ಹುಟ್ಟಿತೋ, ದಾಟುವಾಗ ಆ ಬಗ್ಗದ ವೈರಸ್ಸೇ ದಾಟೀತು. ಒಬ್ಬನ ಉದಾಸೀನ ಇಬ್ಬರ ಔಷಧಿ ಕೆಡಿಸುತ್ತದೆ.

ಮನೆಯವರಿಗೂ ಒಂದು ಮಾತು. ಎಷ್ಟೋ ಜನ ಗುಳಿಗೆ ಬಿಡುವುದು ಮರೆತು ಅಲ್ಲ, ಯಾರಾದರೂ ನೋಡಿಯಾರು ಎಂಬ ನಾಚಿಕೆಗೆ. ಹಗೇವಿನಲ್ಲಿ ರಾಗಿ ಬಚ್ಚಿಟ್ಟಂತೆ ಗುಳಿಗೆಯನ್ನು ಬಚ್ಚಿಟ್ಟು ನುಂಗುವವನು ಒಂದಲ್ಲ ಒಂದು ದಿನ ತಪ್ಪಿಸಿಯೇ ತಪ್ಪಿಸುತ್ತಾನೆ. ಜೊತೆಯಲ್ಲಿ ಉಂಡರೆ, ಒಂದೇ ಲೋಟದಲ್ಲಿ ಕುಡಿದರೆ ಈ ರೋಗ ಬರುವುದಿಲ್ಲ. "ಗುಳಿಗೆ ನುಂಗಿದೆಯೇನಪ್ಪಾ?" ಎಂದು ಊಟದ ಹೊತ್ತಿಗೆ ಅಕ್ಕನೋ ತಾಯಿಯೋ ಕೇಳುವ ಒಂದು ಮಾತು ನಾಲ್ಕನೆಯ ಕಾವಲುಗಾರ ಇದ್ದ ಹಾಗೆ.

ಸಂತೆಯಲ್ಲಿ ಸಿಕ್ಕ ಆ ತಾಯಿಗೆ ನಾನು ಹೇಳಿದ್ದು ಇಷ್ಟೇ: "ತಾಯಿ, ಇವತ್ತು ರಾತ್ರಿಯೇ ತಮ್ಮನಿಗೆ ಹೇಳಿ ಕಳಿಸಿ. ನಾಳೆಯಿಂದ ಒಂದು ದಿನವೂ ಬಿಡೋದು ಬೇಡ. ಹೋದ ದಿನಗಳ ಮಾತನ್ನೂ ಆಸ್ಪತ್ರೆಯಲ್ಲಿ ಮುಚ್ಚಿಡೋದು ಬೇಡ. ಅಲ್ಲಿಯವರು ರಕ್ತ ನೋಡಿ ಮುಂದಿನ ದಾರಿ ಹೇಳ್ತಾರೆ." ಅವರು ತಲೆಯಾಡಿಸಿ, ಗಂಡನ ಕೈಯಿಂದ ಚೀಲ ಇಸುಕೊಂಡು, "ಸಂತೆ ಆಮೇಲಾಗಲಿ, ಮೊದಲು ತವರಿಗೆ ಹೋಗಿ ಬರ್ತೀನಿ" ಎಂದು ಬಸ್ಸಿನ ಕಡೆ ನಡೆದರು. ಗೌಡರು ಏನೂ ಹೇಳದೆ ಅವರ ಹಿಂದೆಯೇ ಹೊರಟರು.

ಆ ತಮ್ಮ ಈಗ ಎಲ್ಲಾದರೂ ಕೇಳುತ್ತಿದ್ದರೆ, ಅವನಂಥವರು ಇನ್ನೂ ಕೆಲವರು ಕೇಳುತ್ತಿದ್ದರೆ, ಈ ಮಾತು ಮುಗಿದ ಕೂಡಲೇ ಎದ್ದು ಇವತ್ತಿನ ಗುಳಿಗೆ ನುಂಗಲಿ. ಬಿತ್ತನೆಯ ಹೊತ್ತಿನಂತೆ ಇದಕ್ಕೂ ಹೊತ್ತುಂಟು.